ಏಳು ಪಿರಿಯಡ್‌ನ ಪರೀಕ್ಷೆ

ಲ್ಯಾಪ್‌ಟಾಪನ್ನು ಓರೆಯಾಗಿ ಹಿಡಿದು ಕೀಬೋರ್ಡಿನ ಸಂದಿಯ ಧೂಳನ್ನು ಬ್ರಷ್ಷಿನಿಂದ ತೆಗೆಯುತ್ತಿದ್ದೆ. ಎದುರು ಮೇಜಿನಲ್ಲಿ ಮಾವ ಸಣ್ಣ ಸ್ಕ್ರೂಗಳನ್ನು ಆರಿಸಿ ಡಬ್ಬಿಗಳಿಗೆ ಹಾಕುತ್ತಿದ್ದರು. ಹನ್ನೊಂದಕ್ಕೆ ಅಂಗಡಿಗೆ, ನನಗೆ ಹಿಂದೆ ಪಾಠ ಹೇಳಿದ್ದ ಗಣಿತದ ಮಿಸ್ ಬರುವವರಿದ್ದರು.

ಮಾವ ಅಮ್ಮನ ತಮ್ಮ. ಲ್ಯಾಪ್‌ಟಾಪ್ ಡಬ್ಬದ ಮೇಲೆ ಬರೆದದ್ದನ್ನು ನಂಬುವುದೆಂದರೆ ಗಂಡಿನ ಬಗ್ಗೆ ಗಂಡಿನ ಮನೆಯವರನ್ನೇ ಕೇಳಿದ ಹಾಗೆ ಎನ್ನುತ್ತಾರೆ. ಯಾರು ಬಳಸುತ್ತಾರೋ ಅವರ ದಿನವನ್ನೇ ಒಂದು ವಾರ ಬದುಕಿ ನೋಡಿ, ಕಂಡದ್ದನ್ನು ಚೀಟಿಯಲ್ಲಿ ಬರೆದಿಡಬೇಕು. ಇದು ನಮ್ಮ ಅಂಗಡಿಯ ಪದ್ಧತಿ. ಔಷಧಿ ಕಂಪನಿಯ ಒಬ್ಬರಿಗಾಗಿ ಮಾವ ವಾರವಿಡೀ ಸ್ಕೂಟರಿನಲ್ಲಿ ಲ್ಯಾಪ್‌ಟಾಪ್ ನೇತುಹಾಕಿಕೊಂಡು ಊರು ಸುತ್ತಿದ್ದರು.

ಈ ಸಲ ಶಾಲೆಯೊಂದಕ್ಕೆ ಇಪ್ಪತ್ತು ಲ್ಯಾಪ್‌ಟಾಪ್ ಬೇಕಿತ್ತು, ಒಂಬತ್ತನೇ ತರಗತಿಗೆ. ತೀರ ಅಗ್ಗದ್ದೂ ಬೇಡ, ದುಬಾರಿಯದೂ ಬೇಡ. ಮಕ್ಕಳು ದಿನಾ ಹೊತ್ತು ತರಬೇಕು, ತರಗತಿಯಲ್ಲಿ ಪ್ಲಗ್ಗಿಲ್ಲ. ಅದು ನಾನು ಓದಿದ ಶಾಲೆ. ದಾರಿ ಗೊತ್ತಿದೆ ಎಂದು ಮಾವ ಕೆಲಸವನ್ನು ನನಗೇ ಕೊಟ್ಟರು.

ಐದು ವರ್ಷದ ಹಿಂದೆ, ಒಂಬತ್ತನೆಯ ತರಗತಿಯ ಅರ್ಧದಲ್ಲಿ, ಅಮ್ಮ ಹಾಸಿಗೆ ಹಿಡಿದಾಗ ನಾನು ಶಾಲೆ ಬಿಟ್ಟೆ. ಅಮ್ಮ ಎದ್ದು ಓಡಾಡುವಂತಾದ ಮೇಲೆ ಶಾಲೆಯ ಮಾತನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಬಾಯಿ ತೆರೆದರೆ ಮುತ್ತು ಉದುರಿಹೋಗುತ್ತಾ ಎಂದು ಮಾವ ಛೇಡಿಸುತ್ತಿರುತ್ತಾರೆ. ಮತ್ತೆ ಓದಬೇಕೆಂಬ ಆಸೆ ಮಾತ್ರ ಒಳಗೇ ಇತ್ತು.

ಕಳೆದ ಸೋಮವಾರ ಅಟ್ಟದಿಂದ ನನ್ನ ಹಳೆಯ ಬ್ಯಾಗನ್ನು ಇಳಿಸಿ, ಲ್ಯಾಪ್‌ಟಾಪ್ ಜೊತೆ ನಾಲ್ಕು ಪುಸ್ತಕ ಇಟ್ಟು, ಎಂಟೂವರೆಗೆ ಹೊರಟೆ. ಬೇಕರಿಯ ತಿರುವು, ಗರಗಸದ ಸದ್ದಿನ ಮರದ ಅಡ್ಡೆ, ಆಮೇಲೆ ಶಾಲೆಯ ಉದ್ದದ ಬಿಳಿ ಗೋಡೆ. ಕಾಲಿಗೆ ಎಲ್ಲ ನೆನಪಿತ್ತು. ಗೇಟಿನ ತನಕ ಹೋಗಿ ಹಿಂದಿರುಗಿ, ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತೆ. ಮೊದಲ ಪಿರಿಯಡ್ ಗಣಿತ. ಎರಡನೆಯದು ವಿಜ್ಞಾನ, ವಿಡಿಯೋ ಹಾಕಿ ನೋಡಿದೆ. ಭಾಷೆಗೆ ಪ್ರಬಂಧ ಟೈಪ್ ಮಾಡಿದೆ. ಆಟದ ಪಿರಿಯಡ್‌ನಲ್ಲಿ ಮುಚ್ಚಿಟ್ಟು ಕಿಟಕಿಯ ಬಳಿ ನಿಂತೆ. ಯಾರೂ ಗಂಟೆ ಹೊಡೆಯದಿದ್ದರೂ ಏಳನೆಯ ಪಿರಿಯಡ್ ಮುಗಿದದ್ದು ನನಗೆ ಗೊತ್ತಾಗುತ್ತಿತ್ತು. ವಾರವೆಲ್ಲ ಹೀಗೇ. ಅಷ್ಟು ಸುಖವಾಗಿದ್ದು ಎಷ್ಟು ದಿನವಾಗಿತ್ತೋ.

ಹನ್ನೊಂದಕ್ಕೆ ಮಿಸ್ ಬಂದು ಕೂತು ಚೀಟಿ ಓದಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಹೀಗೆ ಬರೆದಿದ್ದೆ: "ಬೇಗ ಶುರುವಾಗುತ್ತದೆ. ಪರದೆಯಲ್ಲಿ ಹತ್ತು ವಿಂಡೋ ತೆರೆದರೂ ತಡವರಿಸುವುದಿಲ್ಲ. ವಿಡಿಯೋ ಹಾಕಿದರೆ ತೊಡೆಗೆ ಬಿಸಿ ತಾಗುತ್ತದೆ. ಪುಸ್ತಕಗಳ ಜೊತೆ ಹೊತ್ತರೆ ಮರದ ಅಡ್ಡೆ ದಾಟಿದ ಮೇಲೆ ಎಡಭುಜ ನೋಯುತ್ತದೆ. ಏಳನೇ ಪಿರಿಯಡ್ ಮುಗಿದಾಗ ಬ್ಯಾಟರಿ ನೂರಕ್ಕೆ ಒಂಬತ್ತು ಉಳಿದಿರುತ್ತದೆ."

ಮಿಸ್ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಈಗ ಎಂಟು ಪಿರಿಯಡ್ ಕಣಮ್ಮ. ನಾಲ್ಕು ವರ್ಷ ಆಯ್ತು. ಎಂಟನೇದು ನಂದೇ."

ಮಾವ ಸ್ಕ್ರೂ ಡಬ್ಬಿ ಕೆಳಗಿಟ್ಟರು. ವಾರದ ಕೆಲಸ ನೀರಲ್ಲಿ ಹೋಮವಾಯಿತಲ್ಲ ಎಂದು ಗೊಣಗಿದರು. ನನ್ನ ಕಿವಿ ಬಿಸಿಯಾಯಿತು. ಯಾರನ್ನೂ ಕೇಳದೆ, ನನ್ನ ಕಾಲದ ವೇಳಾಪಟ್ಟಿಯಲ್ಲೇ ಪರೀಕ್ಷೆ ಮಾಡಿಬಿಟ್ಟಿದ್ದೆ.

ಮಿಸ್‌ಗೆ ಕೋಪವೇನೂ ಬಂದಿರಲಿಲ್ಲ. ಗಣಿತದ ಹೊತ್ತಿಗೆ ಸರಿಯಾಗಿ ಬ್ಯಾಟರಿ ಸತ್ತರೆ ಮಕ್ಕಳು ಈ ಕಂಪನಿಗೆ ಕೈಮುಗಿಯುತ್ತಾರೆ ಎಂದು ನಕ್ಕರು. ಆಮೇಲೆ ನನ್ನನ್ನೇ ನೋಡಿ, ದಿನಾ ಗೇಟಿನ ತನಕ ಬಂದು ಹಿಂದಕ್ಕೆ ಹೋಗುತ್ತಿದ್ದವಳು ನೀನೇನಾ ಎಂದು ಕೇಳಿದರು. ಸ್ಟಾಫ್ ರೂಮಿನ ಕಿಟಕಿಯಿಂದ ಕಂಡಿತ್ತಂತೆ. ನಾನು ಹೌದೆಂದು ತಲೆಯಾಡಿಸಿದೆ.

ಇನ್ನೊಂದು ವಾರ ಕೊಡಿ, ಎಂಟೂ ಪಿರಿಯಡ್ ಪರೀಕ್ಷೆ ಮಾಡಿಸ್ತೀನಿ ಎಂದರು ಮಾವ. ಹೊಸ ವೇಳಾಪಟ್ಟಿಯನ್ನು ಫೋನಿಗೆ ಕಳಿಸುತ್ತೇನೆಂದು ಮಿಸ್ ಎದ್ದರು.

ಅವರು ಬಾಗಿಲ ಹತ್ತಿರ ಹೋದರು. ಆಗ ಕೇಳದಿದ್ದರೆ ಇನ್ನು ಯಾವತ್ತೂ ಕೇಳುತ್ತಿರಲಿಲ್ಲ.

"ಕಳಿಸ್ಬೇಡಿ ಮಿಸ್," ಎಂದೆ. ಮಾವ ಕತ್ತೆತ್ತಿದರು. ಮಿಸ್ ಹೊಸ್ತಿಲಲ್ಲೇ ನಿಂತರು. "ನಾನೇ ಬರ್ತೀನಿ. ನನ್ನನ್ನ ಒಂಬತ್ತನೇ ಕ್ಲಾಸಿಗೆ ಮತ್ತೆ ಸೇರಿಸ್ಕೊಳ್ಳಿ."

ಮಿಸ್ ಮಾವನ ಮುಖ ನೋಡಿದರು. ಮಾವ ನನ್ನ ಮುಖ ನೋಡಿದರು.