ಹಳದಿಯಾಗದ ನೀರು

ಗಾಜಿನ ನಳಿಗೆಗೆ ಪರೀಕ್ಷೆಯ ದ್ರಾವಣದ ಐದನೆಯ ಹನಿ ಬಿದ್ದರೂ ನೀರು ಹಳದಿಗೆ ತಿರುಗಲಿಲ್ಲ. ಅವನು ನಳಿಗೆಯನ್ನು ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಮತ್ತೆ ನೋಡಿದ. ಹಳದಿಯ ಸುಳಿವೇ ಇಲ್ಲ. ಊರಿನ ನೀರು ಶುದ್ಧೀಕರಣ ಘಟಕದಲ್ಲಿ ಮೂವತ್ತೊಂದು ವರ್ಷ ಇದೇ ಪರೀಕ್ಷೆ ಮಾಡಿ ನಿವೃತ್ತನಾದವನು. ಆಗೆಲ್ಲ ಹಳದಿ ಬಂದರೆ ಕ್ಲೋರಿನ್ ಇದೆ, ಊರು ನೆಮ್ಮದಿಯಾಗಿ ಕುಡಿಯಬಹುದು ಎಂದರ್ಥ. ಬರದಿದ್ದರೆ ಮೇಲಧಿಕಾರಿಯಿಂದ ಮಂಗಳಾರತಿ. ಈಗ ಬಣ್ಣವಿಲ್ಲದ ನೀರು ನೋಡಿ ಹಿಗ್ಗುವ ಕಾಲ ಬಂದಿತ್ತು. ಮುಖ ಮಾತ್ರ ಇನ್ನೂ ಹಿಗ್ಗಲು ಕಲಿತಿರಲಿಲ್ಲ.

ಇದೆಲ್ಲ ಅಕ್ಕನಿಗಾಗಿ. ಅಕ್ಕನದು ಉಬ್ಬಸದ ಜೀವ. ಪಾನೀಯ ಕೆಡದಂತೆ ಬೆರೆಸುವ ಸಲ್ಫೈಟ್ ಸೋಕಿದರೆ ಸಾಕು, ಉಸಿರು ಕಟ್ಟುತ್ತಿತ್ತು. ಒಮ್ಮೆ ಅಂಗಡಿಯ ವೈನ್ ಎರಡು ಗುಟುಕು ಕುಡಿದು ಆಸ್ಪತ್ರೆ ಸೇರಿದವಳು, ಆಮೇಲೆ ಹನ್ನೆರಡು ವರ್ಷ ಯಾರ ಮನೆಯ ಸಂತೋಷಕ್ಕೂ ನೀರಿನ ಲೋಟವನ್ನೇ ಎತ್ತಿದ್ದಳು. ಅವಳ ಮದುವೆಗೆ ನಲವತ್ತು ವರ್ಷ ತುಂಬುವ ದಿನ ಕೈಯಾರೆ ಮಾಡಿದ ಬಿಯರ್ ಕುಡಿಸುತ್ತೇನೆಂದು ತಮ್ಮ ಮಾತು ಕೊಟ್ಟಿದ್ದ. ಸಲ್ಫೈಟ್ ಇಲ್ಲದಿದ್ದರೆ ಅಡ್ಡಿಯಿಲ್ಲ ಎಂದು ವೈದ್ಯರೂ ಹೇಳಿದ್ದರು. ಆದರೆ ನಲ್ಲಿ ನೀರಿನ ಕ್ಲೋರಿನ್ ಮೊಳಕೆ ಬಾರ್ಲಿಯ ಮಾಲ್ಟಿನ ಜೊತೆ ಸೇರಿದರೆ ಬಿಯರಿಗೆ ಔಷಧಿಯ ವಾಸನೆ ಬರುತ್ತದೆ, ಅದನ್ನು ತೆಗೆಯಲು ಎಲ್ಲರೂ ಹಾಕುವ ಮಾತ್ರೆಯೇ ಸಲ್ಫೈಟ್. ಹಾಗಾಗಿ ಅವನು ನೀರನ್ನು ಅರ್ಧ ಗಂಟೆ ಕುದಿಸಿ, ಅಗಲ ಬಾಯಿಯ ಪಾತ್ರೆಗಳಿಗೆ ಸುರಿದು, ಒಂದಿಡೀ ದಿನ ತೆರೆದಿಟ್ಟಿದ್ದ.

ಇದು ಎರಡನೆಯ ಸಲ. ಮೊದಲ ಸಲವೂ ನೀರು ಹೀಗೇ ಅಪ್ಪಟವಾಗಿತ್ತು. ಆದರೆ ಮಾಡುವುದೆಲ್ಲ ಮಾಡಿ, ಹುದುಗು ಬರಲು ಬಿಡುವ ಸ್ಟೀಲ್ ಡ್ರಮ್ಮನ್ನು ಹಳೇ ಚಾಳಿಯಂತೆ ಎರಡು ಹಿಡಿ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು ಬೋರಲು ಹಾಕಿದ್ದ. ಬೀಳ್ಕೊಟ್ಟ ಕ್ಲೋರಿನ್ ಎಂಬ ನೆಂಟನನ್ನು ತಾನೇ ಹಿತ್ತಿಲ ಬಾಗಿಲಿನಿಂದ ಕರೆದುಕೊಂಡಂತಾಯಿತು. ತಿಂಗಳು ಕಾದು ಭಾವನಿಗೆ ರುಚಿ ನೋಡಲು ಕೊಟ್ಟರೆ, ಭಾವ ಒಂದು ಗುಟುಕು ನುಂಗಿ ಬಹಳ ಮರ್ಯಾದೆಯಿಂದ ಕೇಳಿದ್ದರು: "ಇದು ಕುಡಿಯೋದಾ, ಗಾಯಕ್ಕೆ ಹಚ್ಚೋದಾ?"

ಈಗ ಉಳಿದದ್ದು ಐದೇ ವಾರ. ಇದೂ ಕೆಟ್ಟರೆ ಇನ್ನೊಂದಕ್ಕೆ ಸಮಯವಿಲ್ಲ. ಡ್ರಮ್ಮಿನ ಮುಂದೆ ಕುಕ್ಕರಗಾಲಿನಲ್ಲಿ ಕೂತವನ ಕೈ ತಂತಾನೇ ಮೂಲೆಯ ಬ್ಲೀಚಿಂಗ್ ಪೌಡರ್ ಡಬ್ಬಿಯತ್ತ ಚಾಚಿತು. ಡಬ್ಬಿ ಅಲ್ಲಿರಲಿಲ್ಲ. ಹೆಂಡತಿ ಅದನ್ನು ಸೊಂಟಕ್ಕೆ ಆನಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಬರೀ ನೀರಲ್ಲಿ ತೊಳೆದರೆ ತೊಳೆದ ಹಾಗೇ ಆಗಲ್ಲ," ಎಂದ ಅವನು.

"ಮೂವತ್ತೊಂದು ವರ್ಷ ಊರಿಗೆಲ್ಲ ಹಾಕಿದ್ದೀರಿ. ಒಂದು ಡ್ರಮ್ ಬಿಟ್ಟುಬಿಡಿ."

ಕೊತಕೊತ ಕುದಿಯುವ ನೀರನ್ನೇ ಮೂರು ಸಲ ಹೊಯ್ದು, ಡ್ರಮ್ಮನ್ನು ಉರುಳಿಸಿ ಉರುಳಿಸಿ ತೊಳೆದ. ಅಂಗಿ ಹಾಕದೆ ಬೀದಿಗಿಳಿದಷ್ಟು ಮುಜುಗರವಾಯಿತು. ಆಮೇಲಿನ ವಾರಗಳಲ್ಲಿ ದಿನಕ್ಕೆರಡು ಸಲ ಡ್ರಮ್ಮಿಗೆ ಕಿವಿಯಿಟ್ಟು, ಒಳಗಿನ ಗುಳುಗುಳು ಸದ್ದು ಕೇಳಿ, ಹೆಂಡತಿಯ ಎದುರು ನಗೆಪಾಟಲಾದ.

ನಲವತ್ತು ವರ್ಷ ತುಂಬಿದ ದಿನ ಮಧ್ಯಾಹ್ನ ಅಕ್ಕನ ಮನೆಯ ಮೇಜಿನ ಸುತ್ತ ನಾಲ್ಕೇ ಜನ. ಭಾವ ಮೊದಲು ಮೂಸಿದರು, ಏನೂ ಹೇಳದೆ ಅರ್ಧ ಗ್ಲಾಸು ಇಳಿಸಿದರು. ತಮ್ಮನಿಗೆ ಹೋದ ಜೀವ ಬಂತು, ಅದೂ ಅರ್ಧವೇ. ಅಕ್ಕ ಒಂದು ಗುಟುಕು ಕುಡಿದಳು, ಇನ್ನೊಂದು ಕುಡಿದಳು. ಮೂವರೂ ಅವಳ ಉಸಿರು ಎಣಿಸುತ್ತ ಕೂತರು.

"ಹೀಗೆ ಮಿಕಿಮಿಕಿ ನೋಡಿದರೆ ಇರೋ ಉಸಿರೂ ನಿಲ್ಲತ್ತೆ," ಎಂದಳು ಅಕ್ಕ. "ಯಾರಾದರೂ ಏನಾದರೂ ಮಾತಾಡಿ."

ಕೊನೆಗೆ ಅವಳೇ ಶುರುಮಾಡಿದಳು: ಮದುವೆಯಾದ ಹೊಸತರಲ್ಲಿ ಭಾವ ಬೀಗದ ಕೈ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡದ್ದು, ಕಿಟಕಿಯಿಂದ ಒಳಗಿಳಿಯಲು ಹೋಗಿ ಪಕ್ಕದ ಮನೆಯೊಳಗೆ ಇಳಿದದ್ದು, ಅಲ್ಲಿನ ಅಜ್ಜಿ ಪೊರಕೆ ಹಿಡಿದು ಬಂದದ್ದು. ಭಾವ "ಅದು ಹಾಗಲ್ಲ" ಎಂದು ಮೂರು ಸಲ ಬಾಯಿ ತೆರೆದರೂ ಒಮ್ಮೆಯೂ ಸಂದು ಸಿಗಲಿಲ್ಲ. ಅಕ್ಕ ಎಲ್ಲೂ ತಡವರಿಸಲಿಲ್ಲ, ಕೆಮ್ಮಲಿಲ್ಲ. ತಮ್ಮನಿಗೆ ಸಂತೋಷದಿಂದ ಕಣ್ಣು ತುಂಬಿ ಬಂತು. ಕಥೆಯಲ್ಲಿ ಅಜ್ಜಿಯ ಮೊದಲ ಏಟು ಬೀಳುವ ಹೊತ್ತಿಗೆ ಅಕ್ಕ, ಮಾತು ನಿಲ್ಲಿಸದೆಯೇ, ಖಾಲಿ ಗ್ಲಾಸನ್ನು ಅವನತ್ತ ಸರಿಸಿದಳು.