ಬಿಟ್ಟ ರೀಲು

ಅಪ್ಪ ತೀರಿಕೊಂಡು ಮೂರು ವಾರವಾಗಿತ್ತು. ನನಗೆ ಅಳು ಬಂದಿರಲಿಲ್ಲ. ಬಂದವರಿಗೆಲ್ಲ ಕುರ್ಚಿ ಹಾಕಿದೆ, ಲೋಟ ತೊಳೆದೆ, ಅಪ್ಪನ ಕನ್ನಡಕ ಒರೆಸಿ ಡಬ್ಬಿಯಲ್ಲಿಟ್ಟೆ. ಕಲ್ಲೆದೆಯವಳು ಅಂತ ಸೋದರತ್ತೆ ಅಂದದ್ದು ಕಿವಿಗೆ ಬಿತ್ತು. ಇರಬಹುದು ಅನ್ನಿಸಿತು. ಹೆದರಿಕೆಯಾದದ್ದು ಆಗಲೇ.

ಆ ಭಾನುವಾರ ಅಣ್ಣ ಟಿವಿಯಲ್ಲಿ ಕೌಬಾಯ್ ಸಿನಿಮಾ ಹಾಕಿದ. ಅಪ್ಪ ಟಾಕೀಸಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದಾಗ ಬಂದದ್ದು. ಅಮ್ಮ ಅಲ್ಲೇ ಟಿಕೆಟ್ ಕೊಡುತ್ತಿದ್ದಳು. ನಾವಿಬ್ಬರೂ ಪ್ರೊಜೆಕ್ಟರ್ ಕೋಣೆಯ ಸೆಕೆಯಲ್ಲಿ ಬೆಳೆದವರು. ಆಮೇಲೆ ಆ ಸಿನಿಮಾ ಮತ್ತೆ ನೋಡಿರಲೇ ಇಲ್ಲ, ಅದರ ಬಗ್ಗೆ ಜಗಳ ಮಾತ್ರ ನಿಂತಿರಲಿಲ್ಲ. ಹನುಮಂತನ ಬಾಲದಷ್ಟು ಉದ್ದ, ಅರ್ಧ ಹೊತ್ತು ಕುದುರೆ ಕಟ್ಟುವುದು, ಇನ್ನರ್ಧ ಬಿಚ್ಚುವುದು, ಹೆಂಗಸರಿಗೆ ಬಾಗಿಲಲ್ಲಿ ನಿಲ್ಲುವುದು ಬಿಟ್ಟು ಬೇರೆ ಕೆಲಸವಿಲ್ಲ ಅಂತ ನನ್ನ ದೂರು. ಆ ಬಯಲು, ಆ ಮೌನ, ಧೂಳಿನೊಳಗಿಂದ ಬರುವ ಆ ಕುದುರೆಗಳನ್ನು ಇನ್ಯಾರು ತೋರಿಸಿದ್ದಾರೆ ಅಂತ ಅವನು. ಅಷ್ಟನ್ನು ನಾನೂ ಒಪ್ಪುತ್ತೇನೆ, ಅವನೆದುರಿಗಲ್ಲ.

ದೊಡ್ಡ ಜಗಳ ಮುದುಕನದು. ಮೂವರು ಗಂಡುಮಕ್ಕಳ ತಂದೆ, ಕುದುರೆ ಹತ್ತಿ ಬೆಟ್ಟಕ್ಕೆ ಹೋಗುತ್ತಾನೆ. ಮರುಕ್ಷಣ ಮಕ್ಕಳು ಬಯಲು ದಾಟುತ್ತಿರುತ್ತಾರೆ, ಮುದುಕನ ಸುದ್ದಿಯೇ ಇಲ್ಲ. ನಿರ್ದೇಶಕ ಮರೆತಿದ್ದಾನೆ ಅಂತ ನಾನು, ಹೇಳದೆ ಬಿಟ್ಟದ್ದೇ ದೊಡ್ಡತನ ಅಂತ ಅಣ್ಣ. ಊಟಕ್ಕೆ ಕೂತಾಗಲೆಲ್ಲ ಇದೇ ರಾಮಾಯಣ. ಅಪ್ಪ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಈಗ ಮುದುಕ ಬೆಟ್ಟಕ್ಕೆ ಹೋದ. ಬಯಲು ಬರಲಿಲ್ಲ. ಕ್ಯಾಮೆರಾ ಅವನ ಹಿಂದೆಯೇ ಹೋಯಿತು.

"ಇದೆಲ್ಲಿತ್ತು?" ಅಂದ ಅಣ್ಣ.

"ಮೊದಲಿಂದಾನೂ ಇತ್ತು," ಅಂದಳು ಅಮ್ಮ. "ಜನಕ್ಕೆ ಕೊನೇ ಬಸ್ ತಪ್ಪುತ್ತೆ, ಯಾವುದಾದ್ರೂ ಒಂದು ರೀಲ್ ಹಾಕದೆ ಬಿಡು ಅಂದ್ರು ಮ್ಯಾನೇಜರ್. ನಿಮ್ಮಪ್ಪ ಇದನ್ನ ಬಿಟ್ರು."

"ಕುದುರೆ ಕಟ್ಟೋ ರೀಲ್ ಬಿಡಬಹುದಿತ್ತಲ್ಲಮ್ಮ!" ಅಂದೆ.

"ನಿಮ್ಮಪ್ಪನ ಅಪ್ಪ ತೀರಿಕೊಂಡ ತಿಂಗಳು ಕಣೇ ಅದು. ದಿನಾ ಎರಡು ಆಟ. ಇದನ್ನ ಹೇಗೆ ನೋಡ್ತಾರೆ?"

"ನಾವು ಅಷ್ಟೊಂದು ಕಿತ್ತಾಡುವಾಗ ಅಪ್ಪ ಒಂದು ಮಾತು ಹೇಳಬಾರದಿತ್ತಾ?" ಅಂದೆ.

"ಹೇಳೋ ಹಾಗಿದ್ರೆ ರೀಲೇ ಹಾಕ್ತಿದ್ರು."

ಮುದುಕ ಹಿಮದಲ್ಲಿ ಮರಕ್ಕೊರಗಿ ಕೂತೇ ಪ್ರಾಣ ಬಿಟ್ಟಿದ್ದ. ಮಕ್ಕಳು ಬಂದರು. ಹಿರಿಯವನು ಮಂಡಿಯೂರಿ ತಂದೆಯ ಬೂಟು ಬಿಚ್ಚತೊಡಗಿದ. ಅಪ್ಪನ ಚಪ್ಪಲಿ ಇನ್ನೂ ಮಂಚದ ಕೆಳಗೆ, ಬಿಟ್ಟ ಹಾಗೇ ಇತ್ತು. ಮೂರು ವಾರದಿಂದ ಅದರ ಸುತ್ತ ಕಸ ಗುಡಿಸಿದ್ದೆ, ಎತ್ತಿಟ್ಟಿರಲಿಲ್ಲ.

ರಿಮೋಟ್ ತೆಗೆದುಕೊಂಡು ಒತ್ತಿದೆ. ಬೂಟು, ಗುದ್ದಲಿ, ಮಣ್ಣು, ಎಲ್ಲ ಸರಸರ ಓಡಿತು. ಬಯಲು ಬಂದಾಗ ಬೆರಳು ಬಿಟ್ಟೆ.

"ಅಯ್ಯೋ, ಅದನ್ನೇ ನೋಡಬೇಕಿತ್ತಲ್ಲೇ!" ಅಂದ ಅಣ್ಣ.

"ಆಗಲ್ಲಣ್ಣ," ಅಂದೆ. ಕೂತಲ್ಲೇ ಬಿಕ್ಕಿ ಬಿಕ್ಕಿ ಅತ್ತೆ. ಅಮ್ಮ ನನ್ನ ಕೈಯಿಂದ ರಿಮೋಟ್ ತೆಗೆದು ಪಕ್ಕಕ್ಕಿಟ್ಟಳು. ಟಿವಿಯಲ್ಲಿ ಮೂವರು ಬಯಲು ದಾಟುತ್ತಿದ್ದರು, ಅಪ್ಪ ಆ ರೀಲು ಬಿಟ್ಟು ಜೋಡಿಸುತ್ತಿದ್ದ ಅದೇ ಜಾಗದಿಂದ.