ತೊಳೆಯದ ಪದಕ

ಜನರಲ್ ಆರ್ಸೆನಿ ಲೂಕಿಚ್‌ಗೆ ಎದೆ ತುಂಬ ಪದಕಗಳು. ವಿಮಾನ ಹೊಡೆದುರುಳಿಸುವ ತೋಪುದಳದಲ್ಲಿ ಮೇಜರ್ ಆಗಿ ಯುದ್ಧಕ್ಕೆ ಹೋದವನು ಬರ್ಲಿನ್ ಮುಟ್ಟುವಷ್ಟರಲ್ಲಿ ಕರ್ನಲ್, ಆಮೇಲೆ ಜನರಲ್. ಒಂದೊಂದು ಪದಕವನ್ನೂ ಸೈನ್ಯದ ರೂಢಿಯಂತೆ ವೋಡ್ಕಾದಲ್ಲಿ ತೊಳೆದಿದ್ದ. ಲೋಟದ ತಳಕ್ಕೆ ಪದಕ ಹಾಕಿ, ಜೊತೆಗೆ ಕಾದಿದವರೆಲ್ಲ ಕುಡಿದು, ಕೊನೆಗೆ ಪಡೆದವನು ಅದನ್ನು ತುಟಿಯಲ್ಲಿ ಎತ್ತಬೇಕು. ಹಾಗೆ ತೊಳೆಯದ ಪದಕ ತನ್ನದಾಗುವುದಿಲ್ಲ ಎಂದು ಸಿಪಾಯಿಗಳ ನಂಬಿಕೆ.

ಮೊಟ್ಟಮೊದಲನೆಯ ಕೆಂಪು ಬಾವುಟದ ಪದಕ ಮಾತ್ರ ಮೂವತ್ತು ವರ್ಷ ದಾಟಿದರೂ ಒಣಗಿಯೇ ಇತ್ತು. ಅದನ್ನು ಗಳಿಸಿಕೊಟ್ಟ ಹುಡುಗಿಯರ ದಳದಲ್ಲಿ ಉಳಿದವಳು ಗ್ಲಾಫಿರಾ ಒಬ್ಬಳೇ. ಅಂದು ಅವಳು ಟೆಲಿಫೋನ್ ಹಿಡಿದಿದ್ದಳು. ಅವಳೋ, ಅವನೊಡನೆ ಕುಡಿಯಲು ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ.

ವಿಜಯ ದಿನದ ಹಿಂದಿನ ಸಂಜೆ ಅವನು ಮತ್ತೆ ವರೊನೆಜ್ ಊರಿನಲ್ಲಿದ್ದ ಅವಳ ಕೋಣೆಯ ಬಾಗಿಲು ತಟ್ಟಿದ.

"ಬನ್ನಿ, ಮೇಜರ್," ಅಂದಳು. ಅವಳ ಬಾಯಲ್ಲಿ ಅವನಿಗೆ ಇನ್ನೂ ಬಡ್ತಿ ಸಿಕ್ಕಿರಲಿಲ್ಲ.

"ಬರೋ ವಾರ ಎದೆ ಕೊಯ್ತಾರಂತೆ, ಗ್ಲಾಫಿರಾ. ಏನಾಗತ್ತೋ. ಅಷ್ಟರಲ್ಲಿ ಇದೊಂದನ್ನ ತೊಳೆದುಬಿಡೋಣ."

"ಕೊಯ್ಯೋಕೆ ಮೊದಲು ಮೇಲಿರೋ ತಗಡೆಲ್ಲ ಬಿಚ್ಚಬೇಕಲ್ಲ. ಡಾಕ್ಟರಿಗೆ ಅದೇ ಅರ್ಧ ದಿನದ ಕೆಲಸ."

ಅವನು ನಗಲಿಲ್ಲ. "ನಿನ್ನ ಸಿಟ್ಟು ಇನ್ನೂ ಇಳಿದಿಲ್ಲ."

"ಹೇಗೆ ಇಳಿಯತ್ತೆ? ನೀವು ನದಿಯ ಈ ದಡದಲ್ಲಿದ್ರಿ. ಆ ದಡದಲ್ಲಿ ತೋಪಿನ ಹತ್ರ ನಮ್ಮ ಲೀಡಾ, ಫೋನ್ ಹತ್ರ ನಾನು. 'ಗಾಯಾಳುಗಳ ದೋಣಿ ದಾಟೋ ತನಕ ಕದಲಬೇಡಿ' ಅಂತ ಫೋನಲ್ಲಿ ಅಂದ್ರಿ. ನಾನೇ ಅವಳಿಗೆ ಕೂಗಿ ಹೇಳ್ದೆ. ಅವಳು ಕದಲಲಿಲ್ಲ."

"ಆ ಆಜ್ಞೆ ತಪ್ಪಲ್ಲ."

"ತಪ್ಪು ಅಂತ ಯಾರಂದ್ರು? ದೋಣಿ ದಾಟಿದ್ವು, ವಿಮಾನ ಬಿದ್ವು. ಬೀಳಿಸಿದೋಳಿಗೆ ಮಣ್ಣು, ಫೋನ್ ಮಾಡಿದೋರಿಗೆ ಪದಕ. ಅವಳ ಹೆಸರನ್ನ ಒಂದ್ಸಲನಾದ್ರೂ ಮೇಲಿನೋರ ಕಿವಿಗೆ ಹಾಕಿದ್ರಾ?"

ಹಾಕಿರಲಿಲ್ಲ. ಹಿಮ್ಮೆಟ್ಟುವ ಗಡಿಬಿಡಿಯಲ್ಲಿ ಆಮೇಲೆ ಹೇಳಿದರಾಯಿತು ಅಂದುಕೊಂಡಿದ್ದ. ಆಮೇಲೆ ಹೇಳಲು ನಾಚಿಕೆಯಾಯಿತು. ಆ ನಾಚಿಕೆಯೇ ಇಷ್ಟು ವರ್ಷ ಅವನನ್ನು ಒಳಗೊಳಗೇ ತಿಂದಿತ್ತು.

ಗ್ಲಾಫಿರಾ ಮೇಜಿನ ಮೇಲೆ ಮೂರು ಲೋಟ ಇಟ್ಟು ವೋಡ್ಕಾ ತುಂಬಿದಳು. ಕಪ್ಪು ಬ್ರೆಡ್ಡಿನ ಒಂದು ಚೂರು ಕೊಯ್ದು ಕೈಯಲ್ಲಿ ಹಿಡಿದಳು. ಮೂರನೆಯದು ಯಾರದೆಂದು ಅವನಿಗೆ ಕೇಳಬೇಕಾಗಿರಲಿಲ್ಲ. ಸತ್ತವರ ಲೋಟದ ಮೇಲೆ ಬ್ರೆಡ್ಡು ಮುಚ್ಚಿದ ಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ, ಜನರಲ್ ಆದರೂ ಅಷ್ಟೇ.

"ಯಾರ ಪದಕವೋ ಅವರ ಲೋಟಕ್ಕೆ ಹಾಕಿ," ಅಂದಳು. "ಆಮೇಲೆ ನಿಮ್ಮ ಜೊತೆ ಕುಡೀತೀನಿ."

ಅವನು ಕೋಟಿನಿಂದ ಪದಕ ಬಿಚ್ಚಿದ. ಅವನಮ್ಮ ಕಣ್ಣಿಗೊತ್ತಿಕೊಂಡು ಮುತ್ತಿಟ್ಟಿದ್ದ ಪದಕ ಅದು. ಅವನ ಲೋಟ ಹತ್ತಿರವೇ ಇತ್ತು, ಲೀಡಾಳದ್ದಕ್ಕೆ ಸ್ವಲ್ಪ ಬಾಗಬೇಕಿತ್ತು. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದು ಕೊನೆಗೆ ಬಾಗಿದ. ಪದಕ ಲೋಟದ ತಳ ಮುಟ್ಟಿತು. ಗ್ಲಾಫಿರಾ ಬ್ರೆಡ್ಡು ಮುಚ್ಚಿದಳು. ಇಬ್ಬರೂ ಎದ್ದು ನಿಂತು, ಸತ್ತವರ ನೆನಪಿಗೆ ಕುಡಿಯುವ ರೂಢಿಯಂತೆ ಲೋಟಕ್ಕೆ ಲೋಟ ತಾಗಿಸದೆ ಕುಡಿದರು. ಅವಳ ಕಣ್ಣು ಒದ್ದೆಯಾಗಿತ್ತು.

ಮರುದಿನ ಚೌಕದಲ್ಲಿ ಹಳೆಯ ತೋಪಿನವರೆಲ್ಲ ಸೇರಿದ್ದರು. ಅವನ ಗೆಳೆಯ ಮತ್ವೇಯ್ ಕೋಟಿನ ಮೇಲೆ ಪದಕ ತೆಗೆದಲ್ಲಿ ಮಾಸದೆ ಉಳಿದಿದ್ದ ಜಾಗ ನೋಡಿದ.

"ಕೆಂಪು ಬಾವುಟ ಎಲ್ಲೋ? ಮನೇಲಿ ಮರೆತ್ಯಾ?"

"ಲೀಡಾ ವರಾಕ್ಸಿನಾ ಹತ್ರ ಇದೆ."

"ಯಾರೋ ಅವಳು?"

ಜನರಲ್ ಅವನ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿಕೊಂಡ. "ಹೇಳ್ತೀನಿ, ಕೇಳು," ಅಂದ.